ಹಕ್ಕಿಯ ಕಾಲಿನಿಂದ ಬೇಟೆಗಾರನ ಕೊರಳಿಗೆ: ಅಮೆರಿಕದ ಬಾತುಬೇಟೆಯ ಹೆಣೆದ ತೊಗಲಬಾರು

ಬೇಟೆಯ ವಸ್ತುಸಂಸ್ಕೃತಿಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಬಿಲ್ಲು, ಬಲೆ, ಬೋನು, ಬಂದೂಕುಗಳ ಸುತ್ತ ಬೆಳೆದಿವೆ. ಈ ಸಾಧನಗಳನ್ನು ಬೇಟೆಗಾರನ ಮೈಗೆ ಬಿಗಿಯುವ ಹುರಿ, ಪಟ್ಟಿ, ಕುಣಿಕೆಗಳು ಉಪಸಾಧನಗಳೆಂಬ ಕಾರಣಕ್ಕೆ ಅಡಿಟಿಪ್ಪಣಿಗೆ ಸರಿದಿವೆ. ಅಮೆರಿಕದ ಬಾತುಬೇಟೆಗಾರರು ಕೈಯಿಂದ ಮಾಡಿದ ಕರೆಪೀಪಿಗಳನ್ನು ಕೊರಳಿಗೆ ತೂಗುಹಾಕಿಕೊಳ್ಳಲು ಬಳಸುವ ಹೆಣೆದ ತೊಗಲಬಾರು ಅಂಥದೊಂದು ಉಪೇಕ್ಷಿತ ವಸ್ತು. ಇಂಗ್ಲಿಷಿನಲ್ಲಿ ಇದು ಲ್ಯಾನ್ಯಾರ್ಡ್. ಪಟ್ಟಿ ಎಂಬರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಬಂದದ್ದು. ಪ್ರಸ್ತುತ ಲೇಖನದಲ್ಲಿ ಇದನ್ನು ಕೊರಳಬಾರು ಎಂದು ಕರೆಯಲಾಗಿದೆ.

ಕರೆಪೀಪಿಯ ಇತಿಹಾಸ ಸಾಕಷ್ಟು ದಾಖಲಾಗಿದೆ. 1870ರಲ್ಲಿ ಎಲಾಮ್ ಫಿಶರ್ ಇಂಥ ಪೀಪಿಯೊಂದಕ್ಕೆ ಪೇಟೆಂಟ್ ಪಡೆದನು. ಇಪ್ಪತ್ತನೆಯ ಶತಮಾನದ ಆರಂಭದಿಂದ ಇಲಿನಾಯ್ ರಾಜ್ಯದ ಪೆಕಿನ್ ಊರಿನ ಫಿಲಿಪ್ ಓಲ್ಟ್ ಗಟ್ಟಿರಬ್ಬರಿನ ಪೀಪಿಗಳನ್ನು ತಯಾರಿಸಿ ಮನೆಮಾತಾದನು. ಆದರೆ ಆ ಕಾಲದಲ್ಲಿ ಬಾತುಗಳನ್ನು ಕರೆಯುವ ಮುಖ್ಯ ಸಾಧನ ಪೀಪಿಯೊಂದೇ ಆಗಿರಲಿಲ್ಲ. ಪಳಗಿಸಿದ ಹೆಣ್ಣುಬಾತುಗಳ ಕಾಲಿಗೆ ತೊಗಲ ಪಟ್ಟಿ ಬಿಗಿದು, ನೀರಿನಲ್ಲಿ ಭಾರಕ್ಕೆ ಕಟ್ಟಿಬಿಡುತ್ತಿದ್ದರು. ಅವುಗಳ ಕೂಗಿಗೆ ಆಕಾಶದ ಹಿಂಡು ಇಳಿಯುತ್ತಿತ್ತು. ಕನ್ನಡಕ್ಕೆ ಈ ಉಪಾಯ ಹೊಸದಲ್ಲ. ಬೇಟೆಯಲ್ಲಿ ತನ್ನ ಜಾತಿಯನ್ನೇ ಸೆಳೆಯುವ ಪಳಗಿದ ಪ್ರಾಣಿಗೆ ದೀವ, ದೀಹ ಎಂಬ ಶಬ್ದಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ.

ಬರಗಾಲದಿಂದ ಬಾತುಗಳ ಸಂತತಿ ಕುಸಿದಾಗ, 1935ರಲ್ಲಿ ಅಮೆರಿಕದ ಸರ್ಕಾರ ದೀವದ ಬಾತುಗಳನ್ನೂ ಕಾಳು ಚೆಲ್ಲಿ ಸೆಳೆಯುವುದನ್ನೂ ನಿಷೇಧಿಸಿತು. ಮರುವರ್ಷವೇ, 1936ರಲ್ಲಿ, ಆರ್ಕನ್ಸಾ ರಾಜ್ಯದ ಸ್ಟಟ್‌ಗಾರ್ಟ್ ಪಟ್ಟಣದಲ್ಲಿ ಬಾತು ಕರೆಯುವ ಸ್ಪರ್ಧೆ ಆರಂಭವಾಯಿತು. ಮೊದಲ ಬಹುಮಾನ ಒಂದು ಬೇಟೆಯ ಕೋಟು. ಎರಡಕ್ಕೂ ನೇರ ಕಾರ್ಯಕಾರಣ ಸಂಬಂಧವಿದೆಯೆಂದು ವಾದಿಸುವುದು ಅವಸರವಾದೀತು. ಹಕ್ಕಿಯ ಗಂಟಲಿನ ಕೆಲಸವನ್ನು ಮನುಷ್ಯನ ಉಸಿರೇ ಪೂರ್ತಿಯಾಗಿ ವಹಿಸಿಕೊಳ್ಳಬೇಕಾಯಿತು ಎಂಬುದಂತೂ ನಿಜ. ಹಕ್ಕಿಯ ಕಾಲಿನಲ್ಲಿದ್ದ ತೊಗಲು ಹೀಗೆ ಬೇಟೆಗಾರನ ಕೊರಳಿಗೆ ಏರಿತು ಎಂದು ಹೇಳಬಹುದು.

ಮೊಣಕಾಲುದ್ದದ ತಣ್ಣೀರಿನಲ್ಲಿ, ಕೈಯಲ್ಲಿ ಬಂದೂಕು ಹಿಡಿದು ನಿಂತವನಿಗೆ ಪೀಪಿ ಕ್ಷಣದಲ್ಲಿ ಬಾಯಿಗೆ ಸಿಗಬೇಕು, ಬಿಟ್ಟರೆ ನೀರಿಗೆ ಬೀಳಬಾರದು. ಇದಕ್ಕೆಂದೇ ಪೀಪಿಯ ಕೊಳವೆಯ ಸುತ್ತ ಒಂದು ಗಾಡಿ ಕೊರೆದಿರುತ್ತದೆ; ಬಾರಿನ ಕುಣಿಕೆ ಅದರಲ್ಲಿ ಕೂರುತ್ತದೆ. ತೆಳುವಾದರೂ ಗಟ್ಟಿಯಾದ ಕಾಂಗರೂ ತೊಗಲು ಈ ಹೆಣಿಗೆಗೆ ಶ್ರೇಷ್ಠವೆಂದು ಹೆಸರಾಗಿದೆ. ದುಂಡನೆಯ ತುಂಡನ್ನು ಅಂಚಿನಿಂದ ಸುರುಳಿಯಾಗಿ ಕತ್ತರಿಸುತ್ತ ಬಂದರೆ ಅಂಗೈಯಗಲದ ತೊಗಲಿನಿಂದಲೂ ಮಾರುದ್ದದ ಎಳೆ ಹೊರಡುತ್ತದೆ. ಎಳೆಯ ಅಂಚುಗಳನ್ನು ಓರೆಯಾಗಿ ಹೆರೆಯಬೇಕು. ಇಲ್ಲವಾದರೆ ಹೆಣಿಗೆಯ ನಡುವೆ ಸಂದು ಉಳಿದು, ಬಾರು ಕೊರಳನ್ನು ಉಜ್ಜುತ್ತದೆ. ಕೊಬ್ಬು, ಸಾಬೂನು ಬೆರೆಸಿದ ಜಿಡ್ಡನ್ನು ಸವರಿ ನಾಲ್ಕು ಎಳೆಗಳನ್ನು ದುಂಡಗೆ ಹೆಣೆದು, ಎರಡು ಹಲಗೆಗಳ ನಡುವೆ ಉರುಳಿಸಿ ನಯಗೊಳಿಸುತ್ತಾರೆ. ಇಳಿಬಿಟ್ಟ ಕುಣಿಕೆಗಳ ಬುಡವನ್ನು ತುರ್ಕರ ತಲೆ ಎಂಬ ಪೇಟದಾಕಾರದ ಗಂಟು ಬಿಗಿಹಿಡಿಯುತ್ತದೆ. ಬ್ರೂಸ್ ಗ್ರಾಂಟ್ 1950ರಲ್ಲಿ ತೊಗಲ ಹೆಣಿಗೆಯ ಕೈಪಿಡಿಯೊಂದನ್ನು ಪ್ರಕಟಿಸಿದ ಮೇಲೆ ಇಂಥ ವಿದ್ಯೆ ಪುಸ್ತಕದಿಂದಲೂ ಕಲಿಯುವಂಥದಾಯಿತು. ಇಂದು ಅನೇಕರು ಪ್ಯಾರಾಚೂಟಿನ ನೈಲಾನ್ ಹುರಿಯನ್ನೇ ಹೆಣೆಯುತ್ತಾರೆ. ಅದು ಒದ್ದೆಯಾದರೂ ಕೆಡದು.

ಕೊರಳಬಾರು ದಾಖಲೆಯೂ ಹೌದು. ವಲಸೆಯನ್ನು ತಿಳಿಯಲು ಹಕ್ಕಿಗಳ ಕಾಲಿಗೆ ಸಂಖ್ಯೆಯುಳ್ಳ ಉಂಗುರ ತೊಡಿಸುವ ಕಾರ್ಯವನ್ನು 1920ರಲ್ಲಿ ಅಮೆರಿಕದ ಸರ್ಕಾರ ವಹಿಸಿಕೊಂಡಿತು. ಕೆನಡಾದ ಜಾಕ್ ಮೈನರ್ ಅದಕ್ಕೂ ಮೊದಲು, 1909ರಲ್ಲೇ, ಬಾತಿಗೆ ಉಂಗುರ ತೊಡಿಸಿದ್ದನು. ಮುಂದೆ ಆತನ ಉಂಗುರಗಳ ಮೇಲೆ ಬೈಬಲಿನ ವಾಕ್ಯಗಳೂ ಇರುತ್ತಿದ್ದವು. ಬೇಟೆಗಾರರು ಸಂಖ್ಯೆಯನ್ನು ವರದಿ ಮಾಡಿ ಉಂಗುರವನ್ನು ತಮ್ಮಲ್ಲೇ ಇಟ್ಟುಕೊಂಡು ಬಾರಿಗೆ ಪೋಣಿಸುವ ರೂಢಿ ಬೆಳೆಯಿತು. ಇಂಥ ವರದಿಗಳನ್ನು ಆಧರಿಸಿಯೇ ಫ್ರೆಡರಿಕ್ ಲಿಂಕನ್ 1930ರ ದಶಕದಲ್ಲಿ ಉತ್ತರ ಅಮೆರಿಕದ ನಾಲ್ಕು ಪಕ್ಷಿಪಥಗಳನ್ನು ನಿರೂಪಿಸಿದನು. ಹಕ್ಕಿಯ ಕಾಲಿನಿಂದ ಕೊರಳಿಗೆ ಏರಿದ ಎರಡನೆಯ ವಸ್ತುವಿದು. ಪದಕದಂತೆ ಮೆರೆಯುವ ಈ ಉಂಗುರಗಳನ್ನು ಪ್ರದರ್ಶನದ ಚಟವೆಂದು ತಳ್ಳಿಹಾಕಲು ಈ ಲೇಖಕನಿಗೆ ಮನಸ್ಸಿಲ್ಲ. ಒಂದೊಂದೂ ಒಂದು ಸಾವಿನ ಗುರುತು, ಒಂದು ಪಯಣದ ಪುರಾವೆ.

ಇಲ್ಲಿ ನಮ್ಮ ಬಾರುಕೋಲು, ಕಪಿಲೆಯ ಮಿಣಿಗಳನ್ನು ನೆನೆಯದಿರಲಾಗದು. ಎಳೆ ಸೀಳುವ, ಹದಗೊಳಿಸುವ, ಹೊಸೆಯುವ, ಹೆಣೆಯುವ ಜಾಣ್ಮೆ ಎರಡೂ ಕಡೆ ಇದೆ. ಅಲ್ಲಿ ಅದು ಬಿಡುವಿನ ವೇಳೆಯ ಹೆಮ್ಮೆಯ ಹವ್ಯಾಸವೂ ಹೌದು. ಇಲ್ಲಿ ಜಾತಿಯ ಹೊರೆಯಾಗಿ, ತೊಗಲು ಮುಟ್ಟಿದ ಕೈಯನ್ನೇ ಮುಟ್ಟಬಾರದೆಂಬ ಅವಮಾನದ ನಡುವೆ ಉಳಿದುಬಂತು. ಆದರೂ ಒಂದು ಮರೆವು ಸಮಾನವಾಗಿದೆ. ಪೀಪಿಯ ಮೇಲೆ ಮಾಡಿದವನ ಮುದ್ರೆ ಇರುವುದುಂಟು, ಬಾರಿನ ಮೇಲೆ ಅದು ಕಾಣುವುದು ಅಪರೂಪ. ನಮ್ಮ ಬಾರುಕೋಲೂ ರೈತನದೆಂದೇ ದಾಖಲಾಗುತ್ತದೆ, ಅದನ್ನು ಹೆಣೆದವನದೆಂದಲ್ಲ. ಸಂಗ್ರಹಾಲಯದ ನಮೂನೆಯಲ್ಲಿ ಬಳಸಿದವನ ಹೆಸರಿನ ಪಕ್ಕದಲ್ಲೇ ಹೆಣೆದವನ ಹೆಸರಿಗೂ ಒಂದು ಅಂಕಣ ಬೇಕು.