ಅನುತಾಪ ಮತ್ತು ಹೊಣೆ: ಅಶೋಕನ ಶಾಸನಗಳಲ್ಲಿ ನೈತಿಕ ವಿವೇಚನೆ

ನೈತಿಕ ವಿವೇಚನೆಯ ಮೂಲ ಪರಿಕಲ್ಪನೆಗಳನ್ನು ಚರ್ಚಿಸುವಾಗ ಕ್ರಿಯೆಯ ಫಲ, ಕರ್ತವ್ಯ ಹಾಗೂ ಕರ್ತೃವಿನ ಶೀಲ ಎಂಬ ಮೂರು ನೆಲೆಗಳನ್ನು ಬೇರ್ಪಡಿಸುವುದು ವಾಡಿಕೆ. ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳಲ್ಲಿ ಈ ಮೂರೂ ಕಳಿಂಗ ಯುದ್ಧವೆಂಬ ಒಂದೇ ಘಟನೆಯ ಸುತ್ತ ಕಾಣಿಸಿಕೊಳ್ಳುತ್ತವೆ. ಅವುಗಳ ಪರಸ್ಪರ ಸಂಬಂಧವನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಪಟ್ಟಾಭಿಷೇಕವಾದ 8 ವರ್ಷಗಳ ಅನಂತರ ಕಳಿಂಗವನ್ನು ಗೆದ್ದಾಗ 1,50,000 ಜನರನ್ನು ಸೆರೆಹಿಡಿದು ಸಾಗಿಸಲಾಯಿತೆಂದೂ 1,00,000 ಜನ ಹತರಾದರೆಂದೂ ಅದರ ಹಲವು ಪಟ್ಟು ಜನ ಮಡಿದರೆಂದೂ 13ನೆಯ ಶಿಲಾಶಾಸನದಲ್ಲಿ ಅರಸನೇ ಒಪ್ಪಿಕೊಂಡಿದ್ದಾನೆ. ಆದರೆ ಅವನ ಎಣಿಕೆ ಇಲ್ಲಿಗೆ ನಿಲ್ಲುವುದಿಲ್ಲ. ತಾವು ಪಾರಾದರೂ ಮಿತ್ರರಿಗೂ ಬಂಧುಗಳಿಗೂ ಒದಗಿದ ವಿಪತ್ತಿನಿಂದ ನೊಂದವರನ್ನು ಅವನು ಹಾನಿಗೊಳಗಾದವರೆಂದೇ ಪರಿಗಣಿಸುತ್ತಾನೆ. ಫಲವನ್ನು ಅಳೆಯುವಲ್ಲಿ ಮಾನವ ಸಂಬಂಧವನ್ನೂ ಲೆಕ್ಕಕ್ಕೆ ತಂದಿರುವುದು ಗಮನಾರ್ಹ. ಆದಾಗ್ಯೂ ಅದೇ ಶಾಸನ ಅಡವಿಯ ಜನರಿಗೆ, ಅನುತಾಪದ ನಡುವೆಯೂ ತನಗೆ ದಂಡಿಸುವ ಬಲವುಂಟೆಂದು ಎಚ್ಚರಿಸುತ್ತದೆ. ಗೆದ್ದ ನಾಡನ್ನು ಹಿಂದಿರುಗಿಸುವ ಮಾತು ಅದರಲ್ಲಿಲ್ಲ.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಕಳಿಂಗದಲ್ಲಿಯೇ ಇರುವ ಧೌಳಿ ಮತ್ತು ಜೌಗಡದ ಬಂಡೆಗಳಲ್ಲಿ ಈ ಅನುತಾಪದ ಶಾಸನವಿಲ್ಲ. ಅಲ್ಲಿ ಎರಡು ಪ್ರತ್ಯೇಕ ಶಾಸನಗಳಿವೆ. ಇವೇ ಪ್ರತ್ಯೇಕ ಶಾಸನಗಳು 1989ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತವು. ಅವುಗಳಿದ್ದ ಶಿಲೆಯನ್ನು ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿ ಬಳಸಲಾಗಿತ್ತು. ಅದರಲ್ಲಿ 12 ಮತ್ತು 14ನೆಯ ಶಾಸನಗಳ ಪಾಠವಿದ್ದರೂ 13ನೆಯದು ಕಾಣುವುದಿಲ್ಲ. ಇದಿಷ್ಟರಿಂದಲೇ ಆ ಪ್ರದೇಶವೂ ಯುದ್ಧದಿಂದ ವಶವಾಯಿತೆಂದು ಊಹಿಸಲಾಗದು.

ಪ್ರತ್ಯೇಕ ಶಾಸನಗಳು ಮಹಾಮಾತ್ರರೆಂಬ ಅಧಿಕಾರಿಗಳನ್ನು ಉದ್ದೇಶಿಸಿವೆ. ಪ್ರಜೆಗಳೆಲ್ಲ ಅರಸನಿಗೆ ಮಕ್ಕಳಂತೆ. ಯಾರನ್ನೂ ನಿಷ್ಕಾರಣವಾಗಿ ಬಂಧಿಸಬಾರದು, ಹಿಂಸಿಸಬಾರದು. ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯ, ದಣಿವು ಮುಂತಾದವು ನಿಷ್ಪಕ್ಷಪಾತಕ್ಕೆ ಅಡ್ಡಿಯೆಂದು ಮೊದಲನೆಯ ಶಾಸನ ಹೇಳುತ್ತದೆ. ಇದರ ಪಾಲನೆಗಾಗಿ 5 ವರ್ಷಗಳಿಗೊಮ್ಮೆ ಸೌಮ್ಯ ಸ್ವಭಾವದ ಅಧಿಕಾರಿಯನ್ನು ಕಳುಹಿಸುವ ಏರ್ಪಾಡೂ ಉಂಟು. ಹೀಗೆ ಕರ್ತವ್ಯವು ಶೀಲವನ್ನು ಆಧರಿಸಿದೆ. ಶೀಲವು ತಪಾಸಣೆಗೆ ಒಳಪಟ್ಟಿದೆ.

ನೊಂದವರ ನಾಡಿನಲ್ಲಿ ಅನುತಾಪವನ್ನು ಮರೆಮಾಡಿದ್ದು ರಾಜನೀತಿಯ ಜಾಣ್ಮೆಯಿರಬಹುದು. ಆದರೆ ಅನುತಾಪವು ಮಾಡಿದವನ ಮನಸ್ಸಿಗೆ ಸೇರಿದ್ದು, ಹೊಣೆಯು ನೊಂದವನಿಗೆ ಸಲ್ಲಬೇಕಾದದ್ದು ಎಂಬ ಭೇದವನ್ನು ಮರೆಯಲಾಗದು. ಕಳಿಂಗದ ಪ್ರಜೆಗೆ ಅರಸನ ಪಶ್ಚಾತ್ತಾಪದ ಮಾತು ದೊರೆಯಲಿಲ್ಲ. ನಿಷ್ಕಾರಣ ಸೆರೆಯ ವಿರುದ್ಧ ಒಂದು ಆಜ್ಞೆ ದೊರೆಯಿತು. ಎರಡೂ ಒಟ್ಟಿಗೆ ಸಂದಿದ್ದರೆ ಮಾತ್ರ ನ್ಯಾಯ ಪೂರ್ಣವಾಗುತ್ತಿತ್ತೆಂಬುದು ನಮ್ಮ ಅಭಿಪ್ರಾಯ. ಧೌಳಿ, ಜೌಗಡ ಹಾಗೂ ಸನ್ನತಿಯ ಪಾಠಗಳನ್ನು ಈ ದೃಷ್ಟಿಯಿಂದ ತೌಲನಿಕವಾಗಿ ಅಭ್ಯಸಿಸುವ ಕಾರ್ಯಕ್ಕೆ ಹೊರನಾಡಿನ ಕನ್ನಡ ಸಂಶೋಧಕರು ಮುಂದಾಗಬೇಕೆಂದು ಆಶಿಸುತ್ತೇವೆ.