ಉತ್ತರಾಯಣದ ಹೊಸ್ತಿಲಲ್ಲಿ ಗುರು–ಶನಿ ಯುತಿ

2020ರ ಡಿಸೆಂಬರ್ 21, ಸೋಮವಾರ. ಅಂದು ಸೂರ್ಯಾಸ್ತದ ತರುವಾಯ ನೈರುತ್ಯದ ಬಾನಿನಲ್ಲಿ ಗುರು ಮತ್ತು ಶನಿ ಗ್ರಹಗಳು ಬರಿಗಣ್ಣಿಗೆ ಬಹುಮಟ್ಟಿಗೆ ಒಂದೇ ಚುಕ್ಕಿಯೆಂಬಂತೆ ಕೂಡಿ ನಿಂತಿದ್ದವು. ಅದೇ ದಿನ ಮಧ್ಯಾಹ್ನ 3 ಗಂಟೆ 32 ನಿಮಿಷಕ್ಕೆ ಸೂರ್ಯನು ತನ್ನ ದಕ್ಷಿಣದ ಎಲ್ಲೆಯನ್ನು ಮುಟ್ಟಿದ್ದನು. ಕೊರೋನಾ ವರ್ಷದ ಕೊನೆಯ ದಿನಗಳಾದುದರಿಂದ ಭಕ್ತರ ಆತಂಕ ಇಮ್ಮಡಿಯಾಗಿತ್ತು. ಮಠದ ಕಚೇರಿಗೆ ಬಂದ ಕರೆಗಳಲ್ಲಿ ಶಾಂತಿ ಮಾಡಿಸಬೇಕೆ, ನಾಮಕರಣ ಮುಂದೂಡಬೇಕೆ, ಅಂಗಡಿ ತೆರೆಯಬಹುದೆ ಎಂಬ ಪ್ರಶ್ನೆಗಳೇ ಹೆಚ್ಚು. ಪ್ರತಿ ಡಿಸೆಂಬರಿನಲ್ಲೂ ಇಂತಹ ಪ್ರಶ್ನೆಗಳು ಮರಳಿ ಬರುವುದರಿಂದ ವಿಷಯವನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇವೆ.

ಗುರುಗ್ರಹವು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 11.9 ವರ್ಷ, ಶನಿಯು ಸುಮಾರು 29.5 ವರ್ಷ ತೆಗೆದುಕೊಳ್ಳುತ್ತವೆ. ವೇಗವಾಗಿ ಸಾಗುವ ಗುರುವು ಮಂದಗಾಮಿ ಶನಿಯನ್ನು ಸರಿಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಹಿಂದಿಕ್ಕುತ್ತದೆ. ಆದುದರಿಂದ ಯುತಿ ಅಪರೂಪವಲ್ಲ. ಅಂದಿನ ಸಾಮೀಪ್ಯವು ಅಪರೂಪ. ಎರಡರ ನಡುವೆ ಕಂಡ ಅಂತರ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗ, ಅಂದರೆ ಪೂರ್ಣಚಂದ್ರನ ಅಗಲದ ಐದನೆಯ ಒಂದು ಭಾಗದಷ್ಟು. 1623ರಲ್ಲಿಯೂ ಇಷ್ಟು ಸಮೀಪದ ಯುತಿ ಘಟಿಸಿತ್ತಾದರೂ ಗ್ರಹಗಳು ಸೂರ್ಯನ ಬಳಿಯಲ್ಲಿದ್ದುದರಿಂದ ನೋಡಲು ಕಷ್ಟವಾಗಿತ್ತು. ಚೆನ್ನಾಗಿ ಕಾಣುವಂತಹ ಹಿಂದಿನ ಯುತಿ 1226ರ ಮಾರ್ಚ್ ತಿಂಗಳಿನದು. ಆಗ ಹೊಯ್ಸಳ ಇಮ್ಮಡಿ ನರಸಿಂಹನ ಆಳ್ವಿಕೆ; ಕಲ್ಯಾಣದ ಶರಣರು ಚದುರಿ ಸುಮಾರು ಆರು ದಶಕ ಕಳೆದಿತ್ತು.

ಕಣ್ಣಿಗೆ ಕೂಡಿದಂತೆ ತೋರಿದ ಆ ಗ್ರಹಗಳು ವಾಸ್ತವವಾಗಿ ಕೂಡಿರಲಿಲ್ಲ. ಅಂದು ಗುರುವು ಭೂಮಿಯಿಂದ ಸುಮಾರು 89 ಕೋಟಿ ಕಿಲೋಮೀಟರ್, ಶನಿಯು ಸುಮಾರು 162 ಕೋಟಿ ಕಿಲೋಮೀಟರ್ ದೂರದಲ್ಲಿದ್ದವು. ನಾವು ನಿಂತ ನೆಲೆಯಿಂದ ಎರಡೂ ಒಂದೇ ದಿಕ್ಕಿನಲ್ಲಿ ತೋರಿದವು, ಅಷ್ಟೆ.

ಅಯನದ ವಿಷಯದಲ್ಲಿ ಒಂದು ಗೊಂದಲ ಬಹುಕಾಲದಿಂದ ಇದೆ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಾವು ಎಳ್ಳುಬೆಲ್ಲ ಬೀರುವುದು ಜನವರಿ 14 ಅಥವಾ 15ರಂದು. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಅಯನಬಿಂದುವು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತದೆ. ಸುಮಾರು 1700 ವರ್ಷಗಳ ಹಿಂದೆ ಮಕರ ಸಂಕ್ರಮಣ ಮತ್ತು ಉತ್ತರಾಯಣ ಒಂದೇ ದಿನದಲ್ಲಿದ್ದವು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ, ಪೂರ್ವಶಾಸ್ತ್ರಗಳು ಹೇಳಿದ ಅಯನಸ್ಥಾನವು ತನ್ನ ಕಾಲಕ್ಕೆ ಬದಲಾಗಿದೆಯೆಂದು ಸ್ಪಷ್ಟವಾಗಿ ಗುರುತಿಸಿದ್ದಾನೆ. ಕಂಡದ್ದನ್ನು ಕಂಡಂತೆ ಬರೆದ ಆ ಧೈರ್ಯ ನಮಗೆ ಮೆಚ್ಚುಗೆಯಾಗುತ್ತದೆ. ನಮ್ಮಲ್ಲಿ ಹಲವರು ಶುಭಕಾರ್ಯ ಬೇಡವೆನ್ನುವ ಧನುರ್ಮಾಸದ ನಡುವೆಯೇ ನಿಜವಾದ ಉತ್ತರಾಯಣ ಆರಂಭವಾಗುತ್ತದೆಂಬುದು ಗಮನಿಸತಕ್ಕ ಸಂಗತಿ!

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಕಿರಣವನ್ನು ನೀವು ಬಲ್ಲಿರಿ. ಸೂರ್ಯನು ದಕ್ಷಿಣಕ್ಕೆ ಸಾಗುವಾಗ, ನವೆಂಬರ್ ಕೊನೆಯಲ್ಲಿಯೂ, ಅದೇ ಕೋನದಿಂದ ಬೆಳಕು ಬರುತ್ತದೆ. ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ.

ಇನ್ನು ಭಯದ ಮಾತು. 2020ರಲ್ಲಿ ಗುರು, ಶನಿ ಎರಡೂ ಮಕರ ರಾಶಿಯಲ್ಲಿದ್ದವು. ಮಕರದಲ್ಲಿ ಗುರು ನೀಚನೆಂದು ಜ್ಯೋತಿಷ್ಯ ಹೇಳುತ್ತದೆ. ಅದನ್ನು ಹಿಡಿದು ಅನಾಹುತದ ಭವಿಷ್ಯಗಳು ಹಬ್ಬಿದವು. ಇದು ಹೊಸದಲ್ಲ. 1962ರ ಫೆಬ್ರವರಿ 3ರಿಂದ 5ರವರೆಗೆ ಕೇತುವೂ ಸೇರಿ ಎಂಟು ಗ್ರಹಗಳು ಮಕರದಲ್ಲಿ ನೆರೆದಾಗ ದೇಶದಾದ್ಯಂತ ಪ್ರಳಯದ ಭೀತಿ ಹುಟ್ಟಿ ಯಜ್ಞ, ಅಖಂಡ ಭಜನೆಗಳು ನಡೆದವು. ಅಷ್ಟಗ್ರಹಕೂಟವೆಂದೊಡನೆ ನಮ್ಮ ಹಿರಿಯರಿಗೆ ನೆನಪಾಗುತ್ತಿದ್ದುದು ಅದೇ. ಲೋಕ ಉಳಿಯಿತು. ನಷ್ಟವಾದದ್ದು ಸಾಲ ಮಾಡಿ ಶಾಂತಿ ಮಾಡಿಸಿದವರಿಗೆ. 2020ರಲ್ಲಿ ಕೆಲಸ ಕಳೆದುಕೊಂಡಿದ್ದ ಒಂದು ಕುಟುಂಬವೂ ಒಡವೆ ಅಡವಿಟ್ಟು ಹೋಮ ಮಾಡಿಸಿ, ಬಳಿಕ ನಮ್ಮಲ್ಲಿಗೆ ಬಂದು ಹೇಳಿಕೊಂಡಿತು. ಮೊದಲೇ ಬಂದು ಕೇಳಿದ್ದರೆ ಎಂಬ ಕೊರಗು ನಮಗಿನ್ನೂ ಉಳಿದಿದೆ.

ಬಸವಣ್ಣನವರು ತಾರಾಬಲ, ಚಂದ್ರಬಲಗಳ ಚಿಂತೆಯನ್ನು ಬಿಡಿಸಿ, ಒಳಿತನ್ನು ನಾಳೆಗೆ ನೂಕದಿರಲು ವಚನದಲ್ಲಿ ತಿಳಿಸಿದ್ದಾರೆ. ಆದರೂ ನಮ್ಮವರ ಲಗ್ನಪತ್ರಿಕೆಗಳಲ್ಲಿ ಮುಹೂರ್ತದ ಸಾಲು ತಪ್ಪುವುದಿಲ್ಲ; ಅದನ್ನು ತಿದ್ದುವಲ್ಲಿ ಮಠದವರಾದ ನಾವೂ ಹಿಂದುಳಿದಿದ್ದೇವೆ. ಪೀಣ್ಯದ ಕಾರ್ಖಾನೆಯ ಪಾಳಿ ರಾಹುಕಾಲ ನೋಡಿ ಆರಂಭವಾಗುವುದಿಲ್ಲ. ಅಲ್ಲಿ ದುಡಿಯುವ ಭಕ್ತರು ಅದನ್ನು ನಮಗಿಂತ ಚೆನ್ನಾಗಿ ಬಲ್ಲರು. ಆಧ್ಯಾತ್ಮಿಕವಾಗಿ ಹೇಳುವುದಾದರೆ, ಗ್ರಹಗಳ ಯುತಿ ತೋರಿಕೆಯ ಕೂಟ. ಷಟ್‌ಸ್ಥಲವು ಹೇಳುವ ಲಿಂಗಾಂಗ ಸಾಮರಸ್ಯದಲ್ಲಿ ಅಂತರವೇ ಉಳಿಯುವುದಿಲ್ಲ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸಲು ಅಯನವನ್ನು ಕಾಯಬೇಕಾಗಿಯೂ ಇಲ್ಲ.

ಆಕಾಶವನ್ನು ನೋಡಬೇಡಿರೆಂದು ನಾವು ಹೇಳುತ್ತಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ. ಡಿಸೆಂಬರ್ 21ರ ಸಂಜೆ ಚಿಕ್ಕಬಾಣಾವರದ ಕೆರೆಯ ಬಳಿ ನಿಂತರೆ ಸೂರ್ಯನು ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತಾನೆ. ಒಂದು ಮರವನ್ನೋ ಕಟ್ಟಡವನ್ನೋ ಗುರುತಿಟ್ಟುಕೊಂಡು ಸಂಕ್ರಾಂತಿಯಂದು ಮತ್ತೆ ನೋಡಿದರೆ, ಅವನು ಉತ್ತರಕ್ಕೆ ಸರಿದಿರುವುದು ತಿಳಿಯುತ್ತದೆ. ಗುರು–ಶನಿಯರ ಮುಂದಿನ ಯುತಿ 2040ರ ಅಕ್ಟೋಬರ್ ಕೊನೆ, ನವೆಂಬರ್ ಆರಂಭದಲ್ಲಿ, ನಸುಕಿನ ಪೂರ್ವದಿಕ್ಕಿನಲ್ಲಿ; ಆಗ ಅಂತರ ಒಂದು ಡಿಗ್ರಿಗಿಂತ ತುಸು ಹೆಚ್ಚು. 2020ರಷ್ಟು ಸಮೀಪದ ಯುತಿಯು 2080ರ ಮಾರ್ಚ್ ತಿಂಗಳಿನಲ್ಲಿ ಬರಲಿದೆ.