ಏರ್‌ಸಮ್ ಪಾರ್ಕ್: ಮೈದಾನ ಕೆಡವಿದರು, ಲೆಕ್ಕ ಹಾಗೇ ಇದೆ

ಮೊನ್ನೆ ಟೀ ಅಂಗಡಿ ಮುಂದೆ ಒಬ್ಬ ಹಳೇ ಗೆಳೆಯ ಸಿಕ್ಕಿದ್ದ. ಫುಟ್‌ಬಾಲ್ ಹುಚ್ಚು ಇರೋನು. ವಿಶ್ವಕಪ್ಪಿಗೆ ಈಗ 48 ತಂಡ, ಅದರಲ್ಲಿ ಆಫ್ರಿಕಾಕ್ಕೆ ನೇರವಾಗಿ 9 ಸೀಟು, ಏಷ್ಯಾಕ್ಕೆ 8. ಅದೇ ಅವನ ಸಂಕಟ. "ಅಲ್ಲೂ ರಿಸರ್ವೇಶನ್ ತಂದ್ಬಿಟ್ರು ನೋಡು. ಇನ್ನು ಮೆರಿಟ್ ಎಲ್ಲಿ ಉಳೀತು?" ಅಂದ. ನಗ್ತಾನೇ ಅಂದ. ನಮ್ಮ ಮುಂದೆ ಈ ಮಾತನ್ನ ಯಾವಾಗಲೂ ನಗ್ತಾನೇ ಅಂತಾರೆ.

ಅಲ್ಲೇ ಉತ್ತರ ಕೊಡೋಣ ಅಂದ್ರೆ ನನ್ನ ಬಸ್ ಬಂತು. ಅದಕ್ಕೇ ಇಲ್ಲಿ ಬರೀತಿದ್ದೀನಿ. ಉತ್ತರ ಇರೋದು ಈಗ ಇಲ್ಲದ ಒಂದು ಮೈದಾನದಲ್ಲಿ.

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಮಿಡಲ್ಸ್‌ಬರೋ ಅಂತ ಊರಿದೆ. ಕಬ್ಬಿಣ, ಉಕ್ಕಿನ ಊರು. ಸಿಡ್ನಿಯ ಹಾರ್ಬರ್ ಸೇತುವೆ ಕಟ್ಟಿದ್ದು ಈ ಊರಿನ ಡಾರ್ಮನ್ ಲಾಂಗ್ ಕಂಪನಿ. ಕುಲುಮೆ ಮುಂದೆ ವಾರವಿಡೀ ಬೆವರು ಸುರಿಸಿದವರು ಶನಿವಾರ ಮಧ್ಯಾಹ್ನ ಹೋಗುತ್ತಿದ್ದದ್ದು ಏರ್‌ಸಮ್ ಪಾರ್ಕಿಗೆ. 1903ರಲ್ಲಿ ಶುರುವಾದ ಮೈದಾನ. ಸುತ್ತ ಕಾರ್ಮಿಕರ ಸಾಲು ಮನೆಗಳು. 1949ರ ಡಿಸೆಂಬರಿನಲ್ಲಿ ಪಕ್ಕದ ನ್ಯೂಕಾಸಲ್ ತಂಡ ಬಂದಾಗ 53 ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಸೇರಿದ್ದರು.

ಈ ಮೈದಾನಕ್ಕೂ ನಮ್ಮ ಟೀ ಅಂಗಡಿ ಜಗಳಕ್ಕೂ ಏನು ಸಂಬಂಧ? ಅದಕ್ಕೆ 1966ರ ವಿಶ್ವಕಪ್ಪಿನ ಸೀಟು ಹಂಚಿಕೆ ನೋಡಬೇಕು.

ಒಟ್ಟು 16 ತಂಡ. ಆತಿಥೇಯ ಇಂಗ್ಲೆಂಡ್ ಸೇರಿ ಯುರೋಪಿಗೆ 10. ಹಿಂದಿನ ಚಾಂಪಿಯನ್ ಬ್ರೆಜಿಲ್ ಸೇರಿ ದಕ್ಷಿಣ ಅಮೆರಿಕಕ್ಕೆ 4. ಉತ್ತರ ಮತ್ತು ಮಧ್ಯ ಅಮೆರಿಕಕ್ಕೆ 1. ಉಳಿದದ್ದು ಒಂದೇ ಒಂದು. ಅದನ್ನ ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮೂರೂ ಖಂಡಗಳು ಕಿತ್ತಾಡಿ ತಗೋಬೇಕು! ಆಫ್ರಿಕಾದಲ್ಲಿ ಗೆದ್ದು ಬಂದವರೂ ಮತ್ತೆ ಏಷ್ಯಾದ ಕಡೆಯಿಂದ ಬಂದವರ ಜೊತೆ ಆಡಿ ಗೆಲ್ಲಬೇಕು. ಹತ್ತು ಸೀಟು ತಗೊಂಡವರಿಗೆ ಅದು ಮೆರಿಟ್. ನಮಗೂ ಒಂದು ಬೇಕು ಅಂದ್ರೆ ಅದು ರಿಸರ್ವೇಶನ್.

ಆಗ ಫೀಫಾ ಅಧ್ಯಕ್ಷ ಇಂಗ್ಲೆಂಡಿನ ಸ್ಟಾನ್ಲಿ ರೌಸ್. ವರ್ಣಭೇದದ ದಕ್ಷಿಣ ಆಫ್ರಿಕಾ ಮೇಲಿದ್ದ ಅಮಾನತನ್ನ 1963ರಲ್ಲಿ ತೆಗೆದಿದ್ದು ಇವರ ಕಾಲದಲ್ಲೇ. ಆಗಷ್ಟೇ ಸ್ವತಂತ್ರವಾಗಿದ್ದ ಆಫ್ರಿಕಾದ ದೇಶಗಳು ಬಿಡಲಿಲ್ಲ. ಅವರ ಒತ್ತಡಕ್ಕೆ 1964ರಲ್ಲಿ ಆ ದೇಶ ಮತ್ತೆ ಅಮಾನತಾಯಿತು. ಸೀಟಿನ ವಿಷಯದಲ್ಲಿ ಮಾತ್ರ ಫೀಫಾ ಜಗ್ಗಲಿಲ್ಲ. ಎನ್‌ಕ್ರೂಮಾ ಅವರ ಘಾನಾ ಮುಂದೆ ನಿಂತಿತು, ಘಾನಾದ ಕ್ರೀಡಾ ಮುಖ್ಯಸ್ಥ ಒಹೆನೆ ಜಾನ್ ದನಿ ಎತ್ತಿದರು. ಕಣಕ್ಕಿಳಿಯಬೇಕಿದ್ದ ಆಫ್ರಿಕಾದ ತಂಡಗಳೆಲ್ಲ ಒಟ್ಟಿಗೆ ಹೊರಗೆ ಬಂದವು. ಬಹಿಷ್ಕಾರ.

ಈ ಪದ ನಮಗೆ ಚೆನ್ನಾಗಿ ಗೊತ್ತು. ಅಂಗಡಿಯಲ್ಲಿ ಸಾಮಾನು ಕೊಡಬೇಡಿ, ಕೂಲಿಗೆ ಕರೀಬೇಡಿ, ನೀರು ಬಿಡಬೇಡಿ ಅಂತ ಊರು ನಮ್ಮ ಕೇರಿ ಮೇಲೆ ಹಾಕೋದು ಅದು. ಬಾಬಾಸಾಹೇಬರು 1927ರಲ್ಲಿ ಶುರು ಮಾಡಿದ ಪತ್ರಿಕೆಗೆ ಇಟ್ಟ ಹೆಸರೇ 'ಬಹಿಷ್ಕೃತ ಭಾರತ'. ಹೊರಗಿಡಲ್ಪಟ್ಟವರೇ ಅದನ್ನ ತಿರುಗಿಸಿ ಹಿಡಿದರೆ ಏನಾಗುತ್ತೆ ಅಂತ ಆಫ್ರಿಕಾ ತೋರಿಸಿತು.

ಆಫ್ರಿಕಾ ಇಲ್ಲ, ದಕ್ಷಿಣ ಕೊರಿಯಾವೂ ಹಿಂದೆ ಸರೀತು. ಉಳಿದದ್ದು ಉತ್ತರ ಕೊರಿಯಾ ಮತ್ತು ಆಸ್ಟ್ರೇಲಿಯಾ. 1965ರ ನವೆಂಬರಿನಲ್ಲಿ ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ ಎರಡು ಪಂದ್ಯ. ಕೊರಿಯಾ 6-1, 3-1ರಿಂದ ಗೆದ್ದಿತು. ಬ್ರಿಟನ್ ಆ ದೇಶವನ್ನ ಮಾನ್ಯ ಮಾಡಿರಲೇ ಇಲ್ಲ. ಅವರ ರಾಷ್ಟ್ರಗೀತೆ ನುಡಿಸೋದು ತಪ್ಪಲಿ ಅಂತ, ಉದ್ಘಾಟನಾ ಪಂದ್ಯ ಮತ್ತು ಫೈನಲ್ ಬಿಟ್ಟು ಬೇರೆಲ್ಲೂ ಯಾರ ಗೀತೆಯನ್ನೂ ನುಡಿಸಲಿಲ್ಲ. ಹೇಳಿಬಿಡ್ತೀನಿ, ಆ ದೇಶದ ಸರ್ವಾಧಿಕಾರವನ್ನ ನಾನು ಹೊಗಳ್ತಿಲ್ಲ. ನಾನು ಹೇಳ್ತಿರೋದು ಆ ಹನ್ನೊಂದು ಹುಡುಗರ ಬಗ್ಗೆ.

ಆ ಹುಡುಗರ ಗುಂಪಿನ ಪಂದ್ಯಗಳು ಏರ್‌ಸಮ್ ಪಾರ್ಕಿಗೆ ಬಂದವು. ಕೊರಿಯಾ ಯುದ್ಧ ನಿಂತು 13 ವರ್ಷವಷ್ಟೇ ಆಗಿತ್ತು, ಬ್ರಿಟಿಷ್ ಸೈನಿಕರು ಅಲ್ಲಿ ಸತ್ತಿದ್ದರು. ಆದರೂ ಉಕ್ಕಿನ ಊರಿನ ಜನ ಈ ಗಿಡ್ಡ ಆಟಗಾರರನ್ನ ತಮ್ಮವರು ಅಂದುಕೊಂಡರು. ಅವರದ್ದೂ ಕೆಂಪು ಅಂಗಿ, ಇವರ ಊರಿನ ತಂಡದ್ದೂ ಕೆಂಪು ಅಂಗಿ.

ಮೊದಲ ಪಂದ್ಯ ಸೋವಿಯತ್ ಜೊತೆ, 0-3 ಸೋಲು. ಎರಡನೇದು ಚಿಲಿ ಜೊತೆ, ಕೊನೇ ನಿಮಿಷಗಳಲ್ಲಿ ಗೋಲು ಹೊಡೆದು 1-1. ಮೂರನೇದು ಜುಲೈ 19, ಎದುರು ಇಟಲಿ. ಎರಡು ಸಲ ವಿಶ್ವಕಪ್ ಗೆದ್ದವರು. ಇಟಲಿಯ ಒಬ್ಬ ಆಟಗಾರ ಗಾಯಗೊಂಡು ಹೊರಗೆ ಹೋದ, ಆಗ ಬದಲಿ ಆಟಗಾರರನ್ನ ಇಳಿಸೋ ನಿಯಮ ಇರಲಿಲ್ಲ, ಇದೂ ನಿಜ. 42ನೇ ನಿಮಿಷದಲ್ಲಿ ಪಾಕ್ ದೂ-ಇಕ್ ಒದ್ದ ಚೆಂಡು ಬಲೆ ಸೇರಿತು. 1-0. ಇಟಲಿ ಮನೆಗೆ ಹೋಯಿತು, ಜಿನೋವಾ ವಿಮಾನ ನಿಲ್ದಾಣದಲ್ಲಿ ಟೊಮ್ಯಾಟೊ ಏಟು ತಿಂತು.

ಕ್ವಾರ್ಟರ್ ಫೈನಲ್ ಲಿವರ್‌ಪೂಲಿನಲ್ಲಿ. ಮಿಡಲ್ಸ್‌ಬರೋದಿಂದ ಸಾವಿರಾರು ಜನ ಕೊರಿಯಾದವರ ಹಿಂದೆ ಹೋದರು. ಪೋರ್ಚುಗಲ್ ಎದುರು 3-0 ಮುಂದಿದ್ದ ಕೊರಿಯಾ 3-5ರಲ್ಲಿ ಸೋತಿತು. ಪೋರ್ಚುಗಲ್ ಪರ ನಾಲ್ಕು ಗೋಲು ಹೊಡೆದದ್ದು ಯೂಸೇಬಿಯೊ, ಆ ವಿಶ್ವಕಪ್ಪಿನಲ್ಲೇ ಅತಿ ಹೆಚ್ಚು ಗೋಲು ಹೊಡೆದವನು. ಹುಟ್ಟಿದ್ದು ಎಲ್ಲಿ ಗೊತ್ತಾ? ಪೋರ್ಚುಗೀಸರ ವಸಾಹತಾಗಿದ್ದ ಮೊಜಾಂಬಿಕ್‌ನಲ್ಲಿ. ಆಫ್ರಿಕಾಕ್ಕೆ ಒಂದು ಸೀಟಿಗೂ ಯೋಗ್ಯತೆ ಇಲ್ಲ ಅಂದವರ ಕೂಟದಲ್ಲಿ ಮೊದಲ ನಂಬರ್ ಬಂದವನು ಆಫ್ರಿಕಾದ ಮಣ್ಣಿನ ಮಗ.

ಇದೇ ಬಗೆಯ ಲೆಕ್ಕ ನಮ್ಮ ಕಡೆಯೂ ಇದೆ. ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ ಪಳ್ವಂಕರ್ ಬಾಳೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಕ್ಯಾಪ್ಟನ್ ಪಟ್ಟ ಮಾತ್ರ ಕೊಡಲಿಲ್ಲ. 1920ರಲ್ಲಿ ಅವರ ತಮ್ಮಂದಿರು ತಂಡದಿಂದಲೇ ಹೊರಗೆ ಬಂದು ಪ್ರತಿಭಟಿಸಿದರು. 1923ರಲ್ಲಿ ತಮ್ಮ ವಿಠ್ಠಲ್ ಕ್ಯಾಪ್ಟನ್ ಆದರು.

ಏರ್‌ಸಮ್ ಪಾರ್ಕ್ ಈಗ ಇಲ್ಲ. 1989ರ ಹಿಲ್ಸ್‌ಬರೋ ದುರಂತದ ನಂತರ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕೂರಲು ಆಸನ ಇರಲೇಬೇಕು ಅಂತಾಯಿತು. ಸುತ್ತ ಮನೆಗಳಿದ್ದ ಹಳೇ ಮೈದಾನಕ್ಕೆ ಅದು ಆಗೋ ಮಾತಲ್ಲ. 1995ರಲ್ಲಿ ಕ್ಲಬ್ಬು ನದಿ ಪಕ್ಕದ ಹೊಸ ಸ್ಟೇಡಿಯಮ್ಮಿಗೆ ಹೋಯಿತು, 1997ರಲ್ಲಿ ಇದನ್ನ ನೆಲಸಮ ಮಾಡಿ ಮನೆ ಕಟ್ಟಿದರು. ಆದರೆ ಪಾಕ್ ದೂ-ಇಕ್ ಚೆಂಡು ಒದ್ದ ಜಾಗದಲ್ಲಿ, ಮನೆ ಮುಂದಿನ ಹುಲ್ಲಿನಲ್ಲಿ, ಕಂಚಿನ ಬೂಟಿನ ಗುರುತು ಕೂರಿಸಿದ್ದಾರೆ. 2002ರಲ್ಲಿ ಬದುಕಿದ್ದ ಏಳು ಆಟಗಾರರು ಆ ಊರಿಗೆ ಮತ್ತೆ ಬಂದಾಗ ಜನ ಕೈಹಿಡಿದು ಸ್ವಾಗತಿಸಿದರು.

ಬಂದು ಆಡಿದವರಿಗೆ ಕಂಚಿನ ಗುರುತು ಇದೆ. ಬರದೇ ಇದ್ದವರಿಗೆ? ಅವರ ಗುರುತು ಸೀಟಿನ ಪಟ್ಟಿಯಲ್ಲಿದೆ. 1970ರಿಂದ ಆಫ್ರಿಕಾಕ್ಕೆ ಒಂದು ಖಾಯಂ ಸೀಟು ಸಿಕ್ಕಿತು, ಮೊರಾಕೊ ಹೋಯಿತು. 1974ರಲ್ಲಿ ಆಫ್ರಿಕಾದ ಓಟುಗಳು ಸ್ಟಾನ್ಲಿ ರೌಸ್ ಅವರನ್ನ ಕುರ್ಚಿಯಿಂದ ಇಳಿಸಿದವು. 1990ರಲ್ಲಿ ಕ್ಯಾಮರೂನ್ ಕ್ವಾರ್ಟರ್ ಫೈನಲ್, 2022ರಲ್ಲಿ ಅದೇ ಮೊರಾಕೊ ಸೆಮಿಫೈನಲ್.

ಮೊದಲು ಸೀಟು, ಆಮೇಲೆ ಆಟ. ಒಳಗೆ ಬಿಡದೇ "ನಿಮ್ಮಲ್ಲಿ ಆಟಗಾರರೇ ಇಲ್ಲ" ಅನ್ನೋದು ಯಾವ ಮೆರಿಟ್ಟು?

ಆ ಗೆಳೆಯನಿಗೂ ಇದನ್ನ ಕಳಿಸ್ತೀನಿ. ಮುಂದಿನ ಸಲ ಟೀ ನನ್ನದು, ಮಾತು ಅವನದು.

ಜೈ ಭೀಮ್.